ನೂರಕ್ಕೆ ನೂರು ಬಂದರೂ 69.5: ಒಬ್ಬ ಪ್ರಿ-ಮೆಡ್ ವಿದ್ಯಾರ್ಥಿನಿಯ ಮೂರನೇ ಸೆಮಿಸ್ಟರ್

ಅಮೆರಿಕದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಓದಿನ ಸಲಹೆ ನೀಡುವುದು ನನ್ನ ಕೆಲಸ. ಇಲ್ಲಿ ಬರೆದಿರುವುದು ವೈದ್ಯೆಯಾಗಬೇಕೆಂದು ಹೊರಟ ಒಬ್ಬ ವಿದ್ಯಾರ್ಥಿನಿ ತನ್ನ ಎರಡನೇ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ, ಅಂದರೆ ಒಟ್ಟಾರೆ ಮೂರನೆಯದರಲ್ಲಿ, ಎದುರಿಸಿದ ಪರಿಸ್ಥಿತಿಯ ವಿವರ. ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು, ಊರು, ವಿಶ್ವವಿದ್ಯಾಲಯ, ವರ್ಷ ಯಾವುದನ್ನೂ ಹೇಳಿಲ್ಲ, ಗುರುತು ಹಿಡಿಯಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ಅಂಕಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣ ತಿರುವು ಪಡೆದದ್ದು ಅಂಕಗಳ ಲೆಕ್ಕವನ್ನು ಕೂತು ಹಾಕಿದ ದಿನವೇ.

ಹಿನ್ನೆಲೆ

ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರುವ ಕ್ರಮವನ್ನು ಕಂಡವರಿಗೆ ಇಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಅಮೆರಿಕದಲ್ಲಿ ಮೆಡಿಕಲ್ ಸ್ಕೂಲ್ ಸೇರುವ ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿರಬೇಕು. ಪ್ರಿ-ಮೆಡ್ ಎಂಬುದು ಆ ಪದವಿಯ ಹೆಸರಲ್ಲ. ಯಾವ ವಿಷಯದಲ್ಲಿ ಪದವಿ ಮಾಡಿದರೂ ಜೀವಶಾಸ್ತ್ರ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಾಲಯದ ಸಮೇತ ತಲಾ ಒಂದೊಂದು ವರ್ಷ ಓದಿ, ಅದರ ಮೇಲೆ ಬಯೋಕೆಮಿಸ್ಟ್ರಿಯನ್ನೂ ಮುಗಿಸುವ ಹಾದಿಯನ್ನು ಹಾಗೆ ಕರೆಯುತ್ತಾರೆ. ಬಹುತೇಕ ಮೆಡಿಕಲ್ ಸ್ಕೂಲುಗಳು ಈ ಕೋರ್ಸುಗಳಲ್ಲಿ ಕನಿಷ್ಠ ಸಿ ದರ್ಜೆಯನ್ನು ಕೇಳುತ್ತವೆ. ಜೊತೆಗೆ 472ರಿಂದ 528ರವರೆಗೆ ಅಂಕ ನೀಡುವ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯಿದೆ. ಅರ್ಜಿ ಹೋಗುವ ಆಮ್‌ಕಾಸ್ ವ್ಯವಸ್ಥೆಯು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತದ ಕೋರ್ಸುಗಳನ್ನು ಬೇರೆ ಮಾಡಿ ವಿಜ್ಞಾನದ ಜಿಪಿಎಯನ್ನು, ಅಂದರೆ ಎ ದರ್ಜೆಗೆ 4, ಡಿಗೆ 1 ಎಂಬಂತೆ ಎಣಿಸಿದ ದರ್ಜೆಗಳ ಸರಾಸರಿಯನ್ನು, ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಒಂದು ಕೋರ್ಸನ್ನು ಎರಡು ಸಲ ಓದಿದರೆ, ನಮ್ಮ ವಿಶ್ವವಿದ್ಯಾಲಯ ಹಳೆಯ ದರ್ಜೆಯನ್ನು ಅಳಿಸಿದರೂ, ಆಮ್‌ಕಾಸ್ ಎರಡನ್ನೂ ಎಣಿಸುತ್ತದೆ. ಈ ಒಂದು ನಿಯಮ ಗೊತ್ತಿಲ್ಲದೆ ತೊಂದರೆಗೆ ಸಿಕ್ಕ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ.

ವಿದ್ಯಾರ್ಥಿನಿ ಕನ್ನಡ ಮಾತನಾಡುವ ಮನೆಯಲ್ಲಿ, ಅಮೆರಿಕದಲ್ಲೇ ಬೆಳೆದವಳು. ಹೈಸ್ಕೂಲಿನಲ್ಲಿ ಓದು ಆಕೆಗೆ ಎಂದೂ ಕಷ್ಟವಾಗಿರಲಿಲ್ಲ. ಮೊದಲ ವರ್ಷದಲ್ಲಿ 31 ಕ್ರೆಡಿಟ್ ಮುಗಿಸಿದ್ದಳು (ಒಂದು ಕ್ರೆಡಿಟ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆಯ ತರಗತಿ). ಅದರಲ್ಲಿ ವಿಜ್ಞಾನ ಮತ್ತು ಗಣಿತದ 16 ಕ್ರೆಡಿಟ್‌ಗಳ ಸರಾಸರಿ 3.5 ಇತ್ತು. ಆ ಧೈರ್ಯದ ಮೇಲೆ ಮೂರನೇ ಸೆಮಿಸ್ಟರ್‌ಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಅದರ ಲ್ಯಾಬ್, ಭೌತಶಾಸ್ತ್ರ, ಕೋಶ ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಒಂದು ಬರವಣಿಗೆಯ ಕೋರ್ಸು, ಹೀಗೆ ಒಟ್ಟು 18 ಕ್ರೆಡಿಟ್‌ಗಳಿಗೆ ನೋಂದಾಯಿಸಿಕೊಂಡಳು. ಇದರ ಮೇಲೆ ಒಬ್ಬ ಪ್ರಾಧ್ಯಾಪಕರ ಸಂಶೋಧನಾ ಲ್ಯಾಬ್‌ನಲ್ಲಿ ವಾರಕ್ಕೆ 8 ಗಂಟೆ, ಆಸ್ಪತ್ರೆಯಲ್ಲಿ ಸ್ವಯಂಸೇವೆ 4 ಗಂಟೆ, ಗ್ರಂಥಾಲಯದಲ್ಲಿ ಸಂಬಳದ ಕೆಲಸ 6 ಗಂಟೆ.

ಕಾಗದದ ಮೇಲೆ ಇದು ಹಿಡಿಸುವಂತೆಯೇ ಕಾಣುತ್ತಿತ್ತು. ಆದರೆ ಒಂದು ಕ್ರೆಡಿಟ್ ಎಂದು ಬರೆದಿರುವ ಲ್ಯಾಬ್ ವಾರಕ್ಕೆ ಮೂರು ಗಂಟೆ ನಿಲ್ಲಿಸುತ್ತದೆ, ವರದಿ ಬರೆಯುವುದು ಆಮೇಲೆ. ಅಂತಹ ಮೂರು ಲ್ಯಾಬ್‌ಗಳು ಒಂದೇ ಸೆಮಿಸ್ಟರ್‌ನಲ್ಲಿ ಬಂದಿದ್ದರಿಂದ, 18 ಕ್ರೆಡಿಟ್ ಎಂದು ತೋರುತ್ತಿದ್ದದ್ದು ತರಗತಿಯೊಳಗೇ 24 ಗಂಟೆಯಾಗಿತ್ತು.

ಸಮಸ್ಯೆ

ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೊದಲ ಮಿಡ್‌ಟರ್ಮ್‌ನಲ್ಲಿ 46 ಬಂತು, ಭೌತಶಾಸ್ತ್ರದಲ್ಲಿ 43. ಆಕೆ ಯಾರಿಗೂ ಹೇಳಲಿಲ್ಲ. ಚೆನ್ನಾಗಿ ಓದುತ್ತಾಳೆಂದು ಹೆಸರು ಪಡೆದ ಮಕ್ಕಳಿಗೆ ಸಹಾಯ ಕೇಳುವ ಅಭ್ಯಾಸವೇ ಇರುವುದಿಲ್ಲ, ಕೇಳಬೇಕಾದ ಸಂದರ್ಭ ಅವರಿಗೆ ಹಿಂದೆ ಬಂದಿರುವುದಿಲ್ಲ. ತನಗೆ ಗೊತ್ತಿದ್ದ ಒಂದೇ ದಾರಿಯನ್ನು ಹಿಡಿದಳು: ಹೆಚ್ಚು ಹೊತ್ತು ಓದುವುದು. ನಿದ್ದೆಯನ್ನು ಐದು ಗಂಟೆಗೆ ಇಳಿಸಿದಳು, ಐವರ ಓದಿನ ಗುಂಪು ಸೇರಿದಳು, ರಾಸಾಯನಿಕ ಕ್ರಿಯೆಗಳ ಹೆಸರು ಬರೆದ ಸುಮಾರು ನಾನೂರು ಕಾರ್ಡುಗಳನ್ನು ಮಾಡಿಕೊಂಡಳು. ಎರಡನೇ ಸುತ್ತಿನಲ್ಲಿ ಆರ್ಗ್ಯಾನಿಕ್ 51, ಭೌತಶಾಸ್ತ್ರ 47. ಎಂಟನೇ ವಾರದಲ್ಲಿ, ಆರ್ಗ್ಯಾನಿಕ್‌ನ ಪ್ರಾಧ್ಯಾಪಕರೇ ಕಳುಹಿಸಿದ ಮೇಲೆ, ಆಕೆ ನನ್ನ ಬಳಿ ಬಂದಳು. ದರ್ಜೆ ಇಲ್ಲದೆ ಕೋರ್ಸು ಬಿಡಲು ಕೊನೆಯ ದಿನ ಹತ್ತನೇ ವಾರದ ಶುಕ್ರವಾರವಾಗಿತ್ತು.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ತಪ್ಪು. ದಿನವನ್ನು ಅರ್ಧರ್ಧ ಗಂಟೆಗೆ ಹಂಚಿದ ಒಂದು ವೇಳಾಪಟ್ಟಿಯನ್ನು ಇಬ್ಬರೂ ಕೂತು ತಯಾರಿಸಿದೆವು. ನೋಡಲು ಅಚ್ಚುಕಟ್ಟಾಗಿತ್ತು. ನಾಲ್ಕನೇ ದಿನ ಒಂದು ಲ್ಯಾಬ್ ಅರ್ಧ ಗಂಟೆ ತಡವಾಗಿ ಮುಗಿಯಿತು, ಅಲ್ಲಿಂದ ಮುಂದಿನದೆಲ್ಲ ಕುಸಿಯಿತು. ಅದಕ್ಕಿಂತ ಮುಖ್ಯವಾಗಿ, ಆ ಪಟ್ಟಿ ಆಕೆ ಎಷ್ಟು ಹೊತ್ತು ಓದಬೇಕೆಂದು ಹೇಳುತ್ತಿತ್ತೇ ಹೊರತು, ಆ ಹೊತ್ತಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನಾನೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಉತ್ತರಪತ್ರಿಕೆಯನ್ನು ಓದಿದ ದಿನ

ಎರಡನೇ ಭೇಟಿಗೆ ಮೊದಲ ಮಿಡ್‌ಟರ್ಮ್‌ನ ಉತ್ತರಪತ್ರಿಕೆಯನ್ನೂ ಟಿಪ್ಪಣಿ ಪುಸ್ತಕವನ್ನೂ ತರಲು ಹೇಳಿದ್ದೆ. ಪುಸ್ತಕವನ್ನು ತೆರೆದಾಗ ನನಗೆ ನಿಜವಾಗಿ ಬೇಸರವಾಯಿತು, ಅಷ್ಟು ಶ್ರಮ ಅದರಲ್ಲಿತ್ತು. ನಾಲ್ಕು ಬಣ್ಣದ ಪೆನ್ನು, ಅಳತೆಪಟ್ಟಿಯಿಂದ ಎಳೆದ ಗೆರೆ, ಪ್ರತಿ ಕ್ರಿಯೆಯ ಬಾಣಗಳೂ ಪಠ್ಯಪುಸ್ತಕದಲ್ಲಿದ್ದಂತೆಯೇ. ಪುಸ್ತಕವನ್ನು ಮುಚ್ಚಿಟ್ಟು, ಪರೀಕ್ಷೆಯಲ್ಲಿ ಆಕೆ ತಪ್ಪಿದ್ದ ಒಂದು ಪ್ರಶ್ನೆಯನ್ನು ಬಿಳಿ ಹಲಗೆಯ ಮೇಲೆ ಮತ್ತೆ ಬಿಡಿಸಲು ಹೇಳಿದೆ. ಟರ್ಷಿಯರಿ-ಬ್ಯುಟೈಲ್ ಬ್ರೋಮೈಡ್‌ಗೆ ಮೆಥನಾಲ್‌ನಲ್ಲಿ ಸೋಡಿಯಂ ಮೆಥಾಕ್ಸೈಡ್ ಸೇರಿಸಿದರೆ ಮುಖ್ಯವಾಗಿ ಏನು ಬರುತ್ತದೆ ಎಂಬುದು ಪ್ರಶ್ನೆ.

ಆಕೆ ತಡವರಿಸದೆ ಮೆಥಾಕ್ಸೈಡ್ ಬಂದು ಬ್ರೋಮಿನ್‌ನ ಜಾಗದಲ್ಲಿ ಕೂರುವಂತೆ ಬರೆದಳು. ಪರೀಕ್ಷೆಯಲ್ಲೂ ಅದನ್ನೇ ಬರೆದಿದ್ದಳು. ಆ ಕಾರ್ಬನ್‌ಗೆ ಮೂರು ಮೀಥೈಲ್ ಗುಂಪುಗಳು ಅಂಟಿಕೊಂಡಿವೆ, ಹಿಂಬದಿಯಿಂದ ಒಳಗೆ ಬರಲು ಜಾಗವೇ ಇಲ್ಲ. ಹಾಗಾಗಿ ಬಲವಾದ ಪ್ರತ್ಯಾಮ್ಲವಾದ ಮೆಥಾಕ್ಸೈಡ್ ಪಕ್ಕದ ಕಾರ್ಬನ್‌ನಿಂದ ಹೈಡ್ರೋಜನ್ ಒಂದನ್ನು ಕಿತ್ತುಕೊಳ್ಳುತ್ತದೆ, ಬ್ರೋಮೈಡ್ ಹೊರಡುತ್ತದೆ, 2-ಮೀಥೈಲ್‌ಪ್ರೊಪೀನ್ ಉಳಿಯುತ್ತದೆ. ಈ ವಿವರಣೆ ಆಕೆಯದೇ ಪುಸ್ತಕದ ಮೂವತ್ತೊಂದನೇ ಪುಟದಲ್ಲಿ, ಹಸಿರು ಶಾಯಿಯಲ್ಲಿ, ಸರಿಯಾಗಿಯೇ ಇತ್ತು.

ಪುಟ ತೆರೆದು ತೋರಿಸಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕನ್ನಡದಲ್ಲಿ ಹೇಳಿದಳು: "ಮೇಡಂ, ಇದನ್ನ ನಾನು ಎಷ್ಟು ಸಲ ನೋಡಿದೀನಿ. ನೋಡಿದಾಗೆಲ್ಲ ಗೊತ್ತಿದೆ ಅನ್ನಿಸ್ತಿತ್ತು."

ಆ ಸಂಜೆ ಇಬ್ಬರೂ ಸೇರಿ ಪತ್ರಿಕೆಯಲ್ಲಿ ಹೋದ 54 ಅಂಕಗಳನ್ನು ಒಂದೊಂದಾಗಿ ವಿಂಗಡಿಸಿದೆವು. ಓದಿಯೇ ಇರದ ವಿಷಯಕ್ಕೆ ಹೋದದ್ದು 15. ಆತುರ ಮತ್ತು ಸಮಯ ಸಾಲದ್ದರಿಂದ ಹೋದದ್ದು 10. ಉಳಿದ 29 ಅಂಕಗಳು ಪುಸ್ತಕದಲ್ಲಿ ಸರಿಯಾಗಿ ಬರೆದಿಟ್ಟುಕೊಂಡಿದ್ದರೂ ಬೇಕಾದಾಗ ನೆನಪಿಗೆ ಬಾರದ, ಅಥವಾ ಯಾವ ಕ್ರಿಯೆ ಎಲ್ಲಿ ಎಂದು ಆರಿಸಲಾಗದ ಪ್ರಶ್ನೆಗಳವು. ಆ ವಾರ ಆಕೆ ಬರೆದಿಟ್ಟ ಸಮಯದ ದಾಖಲೆಯೂ ಇದನ್ನೇ ಹೇಳಿತು. ಆರ್ಗ್ಯಾನಿಕ್‌ಗೆ ಕೊಟ್ಟ 16 ಗಂಟೆಗಳಲ್ಲಿ 9 ಗಂಟೆ ವಿಡಿಯೋ ನೋಡುವುದಕ್ಕೂ ಬಿಡಿಸಿಟ್ಟ ಉತ್ತರಗಳನ್ನು ಓದುವುದಕ್ಕೂ, 5 ಗಂಟೆ ಟಿಪ್ಪಣಿಯನ್ನು ಶುದ್ಧಪ್ರತಿ ಮಾಡುವುದಕ್ಕೂ ಹೋಗಿತ್ತು. ಪುಸ್ತಕ ಮುಚ್ಚಿ ತಾನೇ ಲೆಕ್ಕ ಬಿಡಿಸಿದ್ದು 2 ಗಂಟೆ.

ಇದು ಆಕೆಯೊಬ್ಬಳ ದೌರ್ಬಲ್ಯವಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಮಾತ್ರ, ಮತ್ತೆ ಓದಿದವರಿಗೆ ಸುಮಾರು 42 ಪ್ರತಿಶತ ನೆನಪಿದ್ದರೆ, ಮತ್ತೆ ಓದುವ ಬದಲು ನೆನಪಿನಿಂದ ಬರೆಯಲು ಯತ್ನಿಸಿದವರಿಗೆ 56 ಪ್ರತಿಶತ ನೆನಪಿತ್ತು. ಓದಿದ ತಕ್ಷಣ ಬರುವ ಆತ್ಮವಿಶ್ವಾಸ ಅಷ್ಟರಮಟ್ಟಿಗೆ ದಾರಿ ತಪ್ಪಿಸುತ್ತದೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ವಿದ್ಯಾರ್ಥಿಗಳನ್ನು ಜರಡಿ ಹಿಡಿಯುವ ಕೋರ್ಸು ಎಂದು ಇಲ್ಲಿ ಎಲ್ಲರೂ ಕರೆಯುತ್ತಾರೆ. ನನಗೆ ಆ ಮಾತು ಇಷ್ಟವಿಲ್ಲ: ಜರಡಿಯಲ್ಲಿ ಕೆಳಗೆ ಬಿದ್ದವರಲ್ಲಿ ಬುದ್ಧಿ ಕಡಿಮೆಯಿದ್ದವರಿಗಿಂತ ಈ ಬಗೆಯ ಓದಿಗೆ ಒಗ್ಗಿಹೋದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಬಿಡುವುದೋ ಬೇಡವೋ

ಓದುವ ಕ್ರಮ ಬದಲಾಗಬೇಕೆಂಬುದು ಸ್ಪಷ್ಟವಾಯಿತು. ಆದರೆ 18 ಕ್ರೆಡಿಟ್‌ಗಳ ಹೊರೆಯ ಕೆಳಗೆ ಅದು ಸಾಧ್ಯವೇ? ಒಂಬತ್ತನೇ ವಾರದಲ್ಲಿ ಎರಡೂ ಕೋರ್ಸುಗಳ ಸಿಲಬಸ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆವು.

ಭೌತಶಾಸ್ತ್ರದಲ್ಲಿ ಎರಡು ಮಿಡ್‌ಟರ್ಮ್‌ಗಳಿಗೆ ತಲಾ 25, ಹೋಂವರ್ಕ್ ಮತ್ತು ಲ್ಯಾಬ್‌ಗೆ 20, ಅಂತಿಮ ಪರೀಕ್ಷೆಗೆ 30 ಅಂಕಗಳ ತೂಕವಿತ್ತು. 43 ಮತ್ತು 47ರಿಂದ ಬಂದದ್ದು 22.5, ಹೋಂವರ್ಕ್ ಮತ್ತು ಲ್ಯಾಬ್‌ನಿಂದ 17 ಬರಬಹುದು. ಅಂತಿಮ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದರೂ ಒಟ್ಟು 69.5. ಸಿ ದರ್ಜೆಗೆ ಬೇಕಾದದ್ದು 70. ಎಷ್ಟೇ ಓದಿದರೂ ಆ ಕೋರ್ಸನ್ನು ಮತ್ತೆ ಮಾಡಲೇಬೇಕಿತ್ತು.

ಆರ್ಗ್ಯಾನಿಕ್‌ನ ಸ್ಥಿತಿ ಬೇರೆ. ಮೂರು ಮಿಡ್‌ಟರ್ಮ್‌ಗಳಿಗೆ ತಲಾ 20, ಹೋಂವರ್ಕ್‌ಗೆ 10, ಅಂತಿಮ ಪರೀಕ್ಷೆಗೆ 30. ಅಂತಿಮ ಪರೀಕ್ಷೆಯ ಅಂಕ ಹೆಚ್ಚಿದ್ದರೆ ಅತಿ ಕಡಿಮೆ ಬಂದ ಮಿಡ್‌ಟರ್ಮ್‌ನ ಜಾಗದಲ್ಲಿ ಅದನ್ನೇ ಎಣಿಸುವುದಾಗಿ ಸಿಲಬಸ್‌ನ ಕೊನೆಯ ಪುಟದಲ್ಲಿತ್ತು. ಆಕೆ ಅದನ್ನು ಓದಿರಲಿಲ್ಲ. ಅಂದರೆ ಮೊದಲ 46 ಅಳಿಸಿಹೋಗುವ ಸಾಧ್ಯತೆಯಿತ್ತು. ಉಳಿದ ಎರಡು ಪರೀಕ್ಷೆಗಳಲ್ಲಿ 70ರ ಆಸುಪಾಸು ಬಂದರೆ ಬಿ ಮೈನಸ್ ಸಿಗುತ್ತಿತ್ತು, 75ರ ಮೇಲೆ ಬಂದರೆ ಬಿ. ಕಷ್ಟ, ಆದರೆ ಕೈಗೆಟುಕದ್ದಲ್ಲ.

ಮುಂದಿನ ಲೆಕ್ಕ ಜಿಪಿಎಯದು. ಮೊದಲ ವರ್ಷದ 16 ವಿಜ್ಞಾನ ಕ್ರೆಡಿಟ್‌ಗಳ 3.5 ಸರಾಸರಿಗೆ ಭೌತಶಾಸ್ತ್ರದ 4 ಕ್ರೆಡಿಟ್‌ಗಳಲ್ಲಿ ಒಂದು ಡಿ ಸೇರಿದರೆ, ಬೇರೆ ಯಾವುದನ್ನೂ ಎಣಿಸದೆ, ಅದು 3.0ಕ್ಕೆ ಇಳಿಯುತ್ತದೆ. ಮುಂದೆ ಅದೇ ಕೋರ್ಸನ್ನು ಮತ್ತೆ ಓದಿ ಎ ತೆಗೆದರೂ, ಎರಡೂ ಎಣಿಕೆಯಾಗುವುದರಿಂದ, 3.17ಕ್ಕಷ್ಟೇ ಏರುತ್ತದೆ. ಈಗ ಕೋರ್ಸನ್ನು ಬಿಟ್ಟು ಅಂಕಪಟ್ಟಿಯಲ್ಲಿ ಡಬ್ಲ್ಯು ಬರೆಸಿಕೊಂಡು ಮುಂದೆ ಎ ತೆಗೆದರೆ ಅದೇ ಸಂಖ್ಯೆ 3.6 ಆಗುತ್ತದೆ. ಡಬ್ಲ್ಯುವನ್ನು ಮೆಡಿಕಲ್ ಸ್ಕೂಲುಗಳು ನೋಡುತ್ತವೆ, ಆದರೆ ಅದು ಜಿಪಿಎಗೆ ಸೇರುವುದಿಲ್ಲ. ಬಿಟ್ಟ ಮೇಲೂ 14 ಕ್ರೆಡಿಟ್ ಉಳಿಯುತ್ತಿತ್ತು, ಪೂರ್ಣಕಾಲಿಕ ವಿದ್ಯಾರ್ಥಿಗೆ ಬೇಕಾದ 12ಕ್ಕಿಂತ ಹೆಚ್ಚು. ಸರ್ಕಾರದ ಆರ್ಥಿಕ ನೆರವು ಮುಂದುವರಿಯಲು ನೋಂದಾಯಿಸಿದ ಕ್ರೆಡಿಟ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮುಗಿಸಿರಬೇಕು. ಆಕೆಯದು 49ರಲ್ಲಿ 45 ಆಗುತ್ತಿತ್ತು. ಇದನ್ನು ನಾನು ಬಾಯಿಮಾತಿನಲ್ಲಿ ಹೇಳದೆ ಆರ್ಥಿಕ ನೆರವಿನ ಕಚೇರಿಯಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಲು ಹೇಳಿದೆ.

ಲೆಕ್ಕ ಸ್ಪಷ್ಟವಾಗಿದ್ದರೂ ಆಕೆ ಅರ್ಜಿಗೆ ಸಹಿ ಹಾಕಲಿಲ್ಲ. ಮನೆಗೆ ಹೇಗೆ ಹೇಳುವುದೆಂಬುದು ಆಕೆಯ ಸಂಕಟವಾಗಿತ್ತು. 1974ರ ಫರ್ಪಾ ಕಾಯ್ದೆಯ ಪ್ರಕಾರ, ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಬಗ್ಗೆ ಆಕೆಯ ಒಪ್ಪಿಗೆಯಿಲ್ಲದೆ ನಾನು ಸಾಮಾನ್ಯವಾಗಿ ತಾಯಿಯೊಂದಿಗೂ ಮಾತನಾಡುವಂತಿಲ್ಲ. ಆಕೆಯೇ ಒಪ್ಪಿಗೆ ಪತ್ರ ಬರೆದುಕೊಟ್ಟು, ತಾಯಿಯನ್ನು ಫೋನಿನಲ್ಲಿ ಸೇರಿಸಿಕೊಂಡಳು.

ತಾಯಿ ಮೊದಲು ಕೇಳಿದ್ದು ಹೀಗೆ: "ಅರ್ಧದಲ್ಲಿ ಬಿಡೋದು ಅಂದ್ರೆ ಸೋತ ಹಾಗಲ್ವಾ ಮೇಡಂ? ನಾಳೆ ಡಾಕ್ಟರ್ ಆಗೋಳು ಇಷ್ಟನ್ನ ತಡ್ಕೋಬೇಕಲ್ವಾ?" ಆ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯಿತ್ತು. ನಾನು ಉತ್ತರ ಹೇಳುವ ಮೊದಲೇ ಮಗಳು 69.5ರ ಲೆಕ್ಕವನ್ನು ಒಂದೊಂದೇ ಸಾಲಾಗಿ ಓದಿ ಹೇಳಿದಳು, ತನ್ನ ಅಂಕಗಳನ್ನು ಮನೆಯವರಿಗೆ ಮೊದಲ ಸಲ ತಿಳಿಸುತ್ತಾ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ನಂತರ ತಾಯಿ ಕೇಳಿದರು: "ನೀನು ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯಮ್ಮ?" ಆಕೆ ಉತ್ತರಿಸಲಿಲ್ಲ, ಅತ್ತಳು. ಗಡುವಿನ ಹಿಂದಿನ ದಿನ ಸಹಿ ಹಾಕಿದಳು.

ಬದಲಾದದ್ದು ಏನು

ಭೌತಶಾಸ್ತ್ರ ಹೋದದ್ದರಿಂದ ತರಗತಿ, ಲ್ಯಾಬ್, ಓದು ಸೇರಿ ವಾರಕ್ಕೆ 14 ಗಂಟೆ ಉಳಿಯಿತು. ಸಂಶೋಧನಾ ಲ್ಯಾಬ್‌ನ ಪ್ರಾಧ್ಯಾಪಕರಿಗೆ ನೇರವಾಗಿ ಬರೆದು, ಸೆಮಿಸ್ಟರ್ ಮುಗಿಯುವವರೆಗೆ ರಜೆ ಕೇಳಿದಳು. ಅವರು ಒಪ್ಪಿದರು, ಆದರೆ ಆಕೆ ಮಾಡುತ್ತಿದ್ದ ಕೆಲಸ ಬೇರೊಬ್ಬರ ಕೈಗೆ ಹೋಯಿತು. ಆ ನಷ್ಟ ನಿಜವಾದದ್ದೇ. ಆಸ್ಪತ್ರೆಯ ನಾಲ್ಕು ಗಂಟೆಗಳನ್ನೂ ಬಿಡಬಹುದೆಂದು ನಾನು ಸೂಚಿಸಿದಾಗ ಆಕೆ ಒಪ್ಪಲಿಲ್ಲ. ತಾನು ಇದೆಲ್ಲವನ್ನೂ ಯಾಕೆ ಮಾಡುತ್ತಿದ್ದೇನೆಂದು ವಾರದಲ್ಲಿ ಒಮ್ಮೆಯಾದರೂ ನೆನಪಾಗುವುದು ಅಲ್ಲೇ ಎಂದಳು. ಆಕೆಯ ನಿರ್ಧಾರ ಸರಿಯಾಗಿತ್ತು.

ಹೀಗೆ ಉಳಿದ 22 ಗಂಟೆಗಳಲ್ಲಿ 14 ಗಂಟೆಗಳನ್ನು ನಿದ್ದೆಗೇ ಕೊಡಿಸಿದೆ, ದಿನಕ್ಕೆ ಐದರಿಂದ ಏಳಕ್ಕೆ. ಹೆಚ್ಚಿನ ಓದಿಗೆ ಸಿಕ್ಕಿದ್ದು 8 ಗಂಟೆ ಮಾತ್ರ; ಅದೂ ಇನ್ನೊಂದು ರೀತಿಯ ಓದು. ಶುದ್ಧಪ್ರತಿ ಮಾಡುವುದನ್ನು ಪೂರ್ತಿ ನಿಲ್ಲಿಸಿದಳು. ಪ್ರತಿ ಸಂಜೆ ಒಂದು ಖಾಲಿ ಹಾಳೆ ತೆಗೆದುಕೊಂಡು ಅಂದಿನ ಪಾಠವನ್ನು ನೆನಪಿನಿಂದ ಬರೆಯುವುದು, ಎರಡು ದಿನ ಬಿಟ್ಟು ಅದೇ ಬಗೆಯ ಲೆಕ್ಕಗಳನ್ನು ಬಿಡಿಸುವುದು, ವಾರ ಬಿಟ್ಟು ಹಳೆಯ ಅಧ್ಯಾಯಗಳ ಲೆಕ್ಕಗಳ ಜೊತೆ ಕಲಸಿ ಬಿಡಿಸುವುದು. ಕಲಸುವುದು ಇಲ್ಲಿ ಮುಖ್ಯ: ಅಧ್ಯಾಯದ ಕೊನೆಯಲ್ಲಿರುವ ಲೆಕ್ಕ ಯಾವ ಕ್ರಿಯೆಯದೆಂದು ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ, ಪರೀಕ್ಷೆ ಹಾಗೆ ಹೇಳುವುದಿಲ್ಲ. ನಾನೂರು ಕಾರ್ಡುಗಳ ಬದಲು ಒಂದು ತಪ್ಪುಗಳ ಪುಸ್ತಕ ಬಂತು. ಅದರಲ್ಲಿ ಸರಿಯುತ್ತರದ ಜೊತೆಗೆ, ತಾನು ಏನು ನೋಡಿ ಮೋಸಹೋದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕಿತ್ತು. ಮೊದಲ ವಾಕ್ಯ ಹೀಗಿತ್ತು: ಕಾರಕವನ್ನು ನೋಡಿದೆ, ಕಾರ್ಬನ್‌ಗೆ ಎಷ್ಟು ಗುಂಪು ಅಂಟಿಕೊಂಡಿದೆ ಎಂದು ನೋಡಲಿಲ್ಲ. ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ಆಫೀಸ್ ಅವರ್‌ಗೆ ಹೋಗುವಾಗಲೂ ಈ ಪುಸ್ತಕದಿಂದಲೇ ಎರಡು ಪ್ರಶ್ನೆ ಆರಿಸಿಕೊಂಡು ಹೋಗುತ್ತಿದ್ದಳು.

ಮೊದಲ ಎರಡು ವಾರ ಬಹಳ ಕಷ್ಟವಾಯಿತು. "ಏನೂ ಬರಲ್ಲ ಅನ್ನೋದು ದಿನಾ ಕಣ್ಣಿಗೆ ಕಾಣ್ಸುತ್ತೆ ಮೇಡಂ, ಮೊದಲು ಹೀಗಿರಲಿಲ್ಲ" ಎಂದಳು. ಮೂರನೇ ಮಿಡ್‌ಟರ್ಮ್‌ಗೆ ಎರಡು ದಿನ ಇದ್ದಾಗ ಹೆದರಿ ಮತ್ತೆ ಬಣ್ಣದ ಪೆನ್ನುಗಳನ್ನು ತೆಗೆದಿದ್ದಳು. ಆ ಪರೀಕ್ಷೆಯಲ್ಲಿ 68 ಬಂತು. ಅಂತಿಮ ಪರೀಕ್ಷೆಯಲ್ಲಿ 77. ಎಲ್ಲ ಸೇರಿ 71.3, ಆ ಕೋರ್ಸಿನಲ್ಲಿ ಬಿ ದರ್ಜೆಗೆ 72 ಬೇಕಿತ್ತು, ಬಿ ಮೈನಸ್ ಸಿಕ್ಕಿತು. ಕೋಶ ಜೀವಶಾಸ್ತ್ರದಲ್ಲಿ ಬಿ ಪ್ಲಸ್, ಸಂಖ್ಯಾಶಾಸ್ತ್ರದಲ್ಲಿ ಎ ಮೈನಸ್ ಬಂತು. ಮುಂದಿನ ಸೆಮಿಸ್ಟರ್‌ನಲ್ಲಿ 13 ಕ್ರೆಡಿಟ್ ಇಟ್ಟುಕೊಂಡು ಆರ್ಗ್ಯಾನಿಕ್‌ನ ಎರಡನೇ ಭಾಗದಲ್ಲಿ ಬಿ ಪ್ಲಸ್ ತೆಗೆದಳು. ಭೌತಶಾಸ್ತ್ರವನ್ನು ಬೇಸಿಗೆಯ ಐದು ವಾರದ ತರಗತಿಯಲ್ಲಿ ಬೇಗ ಮುಗಿಸಿಬಿಡುವ ಆಸೆಯಿತ್ತು. ಹದಿನೈದು ವಾರದಲ್ಲಿ ಹಿಡಿಸದಿದ್ದದ್ದನ್ನು ಐದು ವಾರಕ್ಕೆ ತುರುಕುವುದು ಬೇಡವೆಂದು ನಾನು ಗಟ್ಟಿಯಾಗಿ ಹೇಳಿದೆ. ಮೂರನೇ ವರ್ಷದಲ್ಲಿ ಓದಿ ಎ ಮೈನಸ್ ಪಡೆದಳು.

ಇದಕ್ಕೆ ಆಕೆ ಒಂದು ವರ್ಷದ ಬೆಲೆ ಕೊಡಬೇಕಾಯಿತು. ಎಂಕ್ಯಾಟ್‌ನ ಮೊದಲ ವಿಭಾಗದಲ್ಲಿ 95 ನಿಮಿಷಕ್ಕೆ 59 ಪ್ರಶ್ನೆಗಳು, ಭೌತಶಾಸ್ತ್ರವೂ ಅದರೊಳಗೇ ಸೇರಿದೆ. ಭೌತಶಾಸ್ತ್ರದ ಎರಡೂ ಭಾಗ ಮುಗಿಸದೆ ಬರೆಯುವುದು ಜಾಣತನವಲ್ಲ. ಹಾಗಾಗಿ ಮೂರನೇ ವರ್ಷದ ವಸಂತದಲ್ಲಿ ಬರೆಯಬೇಕಿದ್ದ ಪರೀಕ್ಷೆ ನಾಲ್ಕನೇ ವರ್ಷದ ಜನವರಿಗೆ ಹೋಯಿತು, ಅರ್ಜಿಯೂ ಅದರ ಹಿಂದೆಯೇ ಒಂದು ವರ್ಷ ಮುಂದೆ ಹೋಯಿತು. ಪದವಿ ಮತ್ತು ಮೆಡಿಕಲ್ ಸ್ಕೂಲಿನ ನಡುವೆ ವರ್ಷ ಬಿಡುವವರು ಇಂದು ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚಿದ್ದಾರೆಂದು ಹೇಳಿದರೂ, ತಾಯಿಗೆ ಅದು ಸಮಾಧಾನ ತರಲಿಲ್ಲವೆಂದು ಆಕೆಯಿಂದ ತಿಳಿಯಿತು.

ಈ ಪ್ರಕರಣವನ್ನು ಹಿಂತಿರುಗಿ ನೋಡಿದಾಗ ನನ್ನನ್ನು ಕಾಡುವುದು ಐದನೇ ವಾರ. 46 ಮತ್ತು 43 ಬಂದ ಆ ವಾರದಲ್ಲೇ ಉತ್ತರಪತ್ರಿಕೆಯನ್ನು ವಿಂಗಡಿಸಿದ್ದರೆ, ಭೌತಶಾಸ್ತ್ರವನ್ನೂ ಉಳಿಸಿಕೊಳ್ಳುವ ಅವಕಾಶವಿತ್ತೇನೋ. ಅಂದು ಆಕೆಗಿದ್ದದ್ದು ಎರಡು ಬೇರೆ ಬೇರೆ ತೊಂದರೆಗಳು: ಓದುವ ಕ್ರಮ ಒಂದು, ಹೊರೆ ಇನ್ನೊಂದು. ಕ್ರಮ ತಪ್ಪಿದ್ದರಿಂದ ಹೊರೆ ಇನ್ನಷ್ಟು ಭಾರವಾಗಿ ಕಂಡಿತು. ಹೊರೆ ಭಾರವಾಗಿದ್ದರಿಂದ ಕ್ರಮ ಬದಲಿಸಲು ಪುರುಸೊತ್ತೇ ಇರಲಿಲ್ಲ. ಕೋರ್ಸು ಬಿಟ್ಟದ್ದೊಂದೇ ಆಕೆಯನ್ನು ಉಳಿಸುತ್ತಿರಲಿಲ್ಲ, ಆ ಗಂಟೆಗಳೂ ಬಣ್ಣದ ಪೆನ್ನಿಗೇ ಹೋಗುತ್ತಿದ್ದವು. ಆ ಸೆಮಿಸ್ಟರ್‌ನ ನಂತರ ನಮ್ಮಲ್ಲಿ ಮೊದಲ ಭೇಟಿಗೆ ಬರುವವರಿಗೆ ವೇಳಾಪಟ್ಟಿ ಹಾಕಿಕೊಡುವುದನ್ನು ನಿಲ್ಲಿಸಿದ್ದೇವೆ. ಉತ್ತರಪತ್ರಿಕೆ, ಸಿಲಬಸ್, ಕೋರ್ಸು ಬಿಡುವ ಕೊನೆಯ ದಿನಾಂಕ, ಈ ಮೂರನ್ನು ತರಲು ಹೇಳುತ್ತೇವೆ.

ಕಳೆದ ನೋಂದಣಿಯ ಸಮಯದಲ್ಲಿ ಆಕೆ ನಾಲ್ಕನೇ ವರ್ಷದ ಪಟ್ಟಿ ಹಿಡಿದು ಬಂದಿದ್ದಳು. ಪ್ರತಿ ಕೋರ್ಸಿನ ಮುಂದೆ ಕ್ರೆಡಿಟ್‌ನ ಬದಲು ಗಂಟೆಗಳನ್ನು ಬರೆದಿದ್ದಳು, ಲ್ಯಾಬ್ ವರದಿಯ ಹೊತ್ತನ್ನೂ ಸೇರಿಸಿ. ಕೆಳಗೆ ಎಂಕ್ಯಾಟ್ ತಯಾರಿಗೆ 15 ಗಂಟೆ, ಆಸ್ಪತ್ರೆಗೆ 4, ಮತ್ತೆ ಸಿಕ್ಕ ಸಂಶೋಧನಾ ಕೆಲಸಕ್ಕೆ 8. ಕೂಡಿಸಿ ನೋಡಿ, ನಾನು ಏನನ್ನೂ ಹೇಳುವ ಮೊದಲೇ, ಇಮ್ಯುನಾಲಜಿಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಳು.